ಬೆಲ್ಲದ ಹೆಂಟೆ ಮತ್ತು ಮುತ್ಯಾನ ರಾಷ್ಟ್ರಗೀತೆ

ನಮ್ಮ ಮನೆಯ ಬೆಳಕಿಂಡಿಯ ಮೇಲೆ ಬಿದಿರಿನ ಬುಟ್ಟಿ ಬೋರಲು ಬಿದ್ದ ಸಂಜೆಯಿಂದಲೇ ಸಣ್ಣ ಮುತ್ಯಾನ ಬಾಯಿಯ ಚಿಂತೆ ಶುರುವಾಯಿತು. ದೇವದುರ್ಗದ ಹಳೆಯ ಮನೆಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ನೋಡದವರಿಗೆ ಹೇಳುತ್ತೇನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಕಿಟಕಿ ಎಂಬ ಮಾತೇ ಇಲ್ಲ. ಮಾಳಿಗೆಯಲ್ಲಿ ಬಿಟ್ಟ ಒಂದು ಕಿಂಡಿಯಿಂದ ಹಗಲು ಬಿಸಿಲು ಕೋಲಿನ ಹಾಗೆ ಒಳಗಿಳಿಯುತ್ತದೆ, ಸಂಜೆಗೆ ಒಲೆಯ ಹೊಗೆಯೂ ಬೆಳಕೂ ಅದೇ ಕಿಂಡಿಯಿಂದ ಮೇಲೆ ಹೋಗುತ್ತವೆ. ಆ ಚಳಿಗಾಲ ಪಾಕಿಸ್ತಾನದ ಜೊತೆ ಯುದ್ಧ ನಡೆದಿತ್ತು. ಎಲ್ಲಿ ಗಡಿ, ಎಲ್ಲಿ ನಮ್ಮ ಊರು! ಆದರೂ ಊರ ಹುಡುಗರು ತಾವೇ ಒಂದು ರಕ್ಷಣಾ ಸಮಿತಿ ಕಟ್ಟಿಕೊಂಡು, ತೋಳಿಗೆ ಬಿಳಿ ಪಟ್ಟಿ ಸುತ್ತಿಕೊಂಡು, ಹೊತ್ತು ಮುಳುಗಿದ ಕೂಡಲೇ ಓಣಿ ಓಣಿ ತಿರುಗುತ್ತಿದ್ದರು. ಅವರ ಮುಂದಾಳು ಶರಣಬಸವ, ಹತ್ತಿ ಜಿನ್ನಿನ ಸಾಹುಕಾರರ ಮಗ. ಅವನ ಸೀಟಿ ಕೇಳಿದರೆ ನನ್ನ ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ಮಾಳಿಗೆಗೆ ಓಡುತ್ತಿದ್ದಳು. ಬುಟ್ಟಿ ಬೋರಲು ಹಾಕಿದ ಮೇಲೆ ಹೊಗೆ ಹೋಗಲು ದಾರಿ ಇಲ್ಲ. ಎಲ್ಲರೂ ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ, ಸೀದ ರೊಟ್ಟಿ ತಿನ್ನುತ್ತಿದ್ದೆವು. ಸಣ್ಣ ಮುತ್ಯಾ ಒಬ್ಬನೇ ನಗುತ್ತಿದ್ದ.

"ವಿಮಾನದಾಂವ ನಿಮ್ಮ ಒಲಿ ಉರಿ ನೋಡಿ ಬರ್ತಾನೇನ್ ಬೇ? ಅವಂಗ ಬೇಕಾಗಿದ್ದು ರೈಲು, ಹೊಳಿ ಮ್ಯಾಲಿನ ಪೂಲು. ನಿಮ್ಮ ಪುಂಡಿಪಲ್ಯ ಅಲ್ಲ."

"ನೀವು ಸುಮ್ಮನಿರ್ರಿ ಮಾವಾ. ಗ್ವಾಡಿಗೂ ಕಿವಿ ಬಂದಾವ ಈಗ," ಎನ್ನುತ್ತಿದ್ದಳು ಅವ್ವ.

ನಗುತ್ತಿದ್ದರೂ ಅವನು ಯುದ್ಧ ಕಂಡವನು. ಮೊದಲ ದಿನವೇ ನನ್ನ ಹಾಸಿಗೆಯನ್ನು ನಡುತೊಲೆಯ ಕೆಳಗಿಂದ ಎಳೆದು, ಜೋಳದ ಹಗೆವಿನ ಪಕ್ಕದ ಮೂಲೆಗೆ ಹಾಕಿದ್ದ. ಹಿತ್ತಲಿನ ತಿಪ್ಪೆಯ ಬದಿಗೆ ಯಾರಿಗೂ ಹೇಳದೆ ಸೊಂಟದ ಆಳದ ಒಂದು ತಗ್ಗು ತೋಡಿಟ್ಟಿದ್ದ. ಅದನ್ನು ಮೊದಲು ಕಂಡವಳು ಅವ್ವ. ನಗುವ ಮನುಷ್ಯ ತಗ್ಗು ಯಾಕೆ ತೋಡುತ್ತಾನೆ? ನನ್ನ ಅನುಭವದ ಮಾತು ಕೇಳಿ: ಯಾರಾದರೂ ನಿಮಗೆ ಧೈರ್ಯ ಹೇಳಿದರೆ ಅವರ ಬಾಯಿ ನೋಡಬೇಡಿ, ಅವರ ಕೈ ಏನು ಮಾಡುತ್ತಿದೆ ನೋಡಿ. ರಾಯಚೂರಿನ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ನಲವತ್ತು ವರ್ಷ ಹತ್ತಿ ದಲ್ಲಾಲಿ ಮಾಡಿದ್ದೇನೆ. ಗಂಡಸರ ನಡುವೆ ಹೆಂಗಸು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುವುದನ್ನು ಜನ ನಿಂತು ನೋಡುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಕೇಳುವವರಿಗೆ ನಾನು ಗಂಜು ಎನ್ನುವುದಿಲ್ಲ, ದೇವದುರ್ಗದ ನಮ್ಮ ಪಡಸಾಲೆ ಎನ್ನುತ್ತೇನೆ.

ಸಣ್ಣ ಮುತ್ಯಾ ನನ್ನ ಆಯಿಯ ತಮ್ಮ. ಮುತ್ಯಾ ಅಂದರೆ ಅಜ್ಜ, ಆಯಿ ಅಂದರೆ ಅಪ್ಪನ ತಾಯಿ. ಅವನ ಹೆಸರು ಅಮರಪ್ಪ. ಮೀಸೆ ಚಿಗುರುವ ವಯಸ್ಸಿನಲ್ಲಿ ತಂದೆಯ ಜೊತೆ ಎತ್ತಿನ ವಿಷಯಕ್ಕೆ ಜಗಳ ಮಾಡಿ, ನಡೆದು ರಾಯಚೂರು ಸ್ಟೇಷನ್ನಿಗೆ ಹೋಗಿ, ಸಿಕ್ಕ ರೈಲು ಹತ್ತಿ ಮದರಾಸಿಗೆ ಹೋದವನು. ಅಲ್ಲಿ ಇಂಗ್ಲಿಷರ ಫೌಜು ಹೊಟ್ಟೆ ತುಂಬ ಅನ್ನ ಕೊಡುತ್ತದೆ ಎಂದು ಯಾರೋ ಹೇಳಿದರಂತೆ, ಸೇರಿದ. ಹಡಗಿನಲ್ಲಿ ಮಲಯಕ್ಕೆ ಕಳಿಸಿದರು. ಅಲ್ಲಿ ಜಪಾನಿನವರು ಗೆದ್ದರು, ಇವನು ಕೈದಿಯಾದ. ಸಿಂಗಾಪುರದಲ್ಲಿ ನಮ್ಮವರೇ ಇಂಗ್ಲಿಷರ ವಿರುದ್ಧ ಇನ್ನೊಂದು ಫೌಜು ಕಟ್ಟಿದಾಗ ಅದನ್ನು ಸೇರಿದ. ಬರ್ಮಾದ ಅಡವಿಯವರೆಗೆ ನಡೆದು, ಹಸಿದು, ಜ್ವರ ಬಂದು, ಮತ್ತೆ ಕೈದಿಯಾಗಿ ಕೊನೆಗೆ ಒಂದು ದಿನ ದೇವದುರ್ಗದ ಬಸ್ಸಿನಿಂದ ಇಳಿದ. ಮದುವೆ ಆಗಲಿಲ್ಲ. ಅಕ್ಕನ ಮನೆಯಲ್ಲಿ ದನ ನೋಡಿಕೊಂಡು ಉಳಿದ. ಕೈಯಲ್ಲಿ ಒಂದು ಕಾಗದವಿಲ್ಲ, ಎದೆಯ ಮೇಲೆ ಒಂದು ಬಿಲ್ಲೆಯಿಲ್ಲ. ಅವನು ಎಲ್ಲಿದ್ದ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಇದ್ದ ಸಾಕ್ಷಿ ಅವನು ಉಣ್ಣುವ ರೀತಿ ಒಂದೇ. ಎಡಗೈಯನ್ನು ತಾಟಿನ ಸುತ್ತ ಕೋಟೆಯ ಹಾಗೆ ಇಟ್ಟುಕೊಂಡು, ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ ಗಬಗಬ ಮುಗಿಸುತ್ತಿದ್ದ. ರೊಟ್ಟಿಯ ಮನೆಯಲ್ಲಿ ಅವನಿಗೆ ಮಾತ್ರ ಅನ್ನ ಬೇಕು. ಅವ್ವ ಅವನಿಗಾಗಿ ಪ್ರತ್ಯೇಕ ಗಡಿಗೆ ಇಡಬೇಕಾಗಿತ್ತು. ಅವಳ ತವರು ಮಾನ್ವಿ ಕಡೆ, ಕಾಲುವೆ ನೀರಿನ ಭತ್ತದ ಊರು. ಅಕ್ಕಿ ಅಲ್ಲಿಂದಲೇ ಬರುತ್ತಿತ್ತು. ಅತ್ತೆ ಸೊಸೆಯರ ಜಗಳ ಹೆಚ್ಚಾಗಿ ಈ ಗಡಿಗೆಯ ಮೇಲೆಯೇ.

"ನನ್ನ ತವರಿನ ಅಕ್ಕಿ ಉಂಡು ನಿಮ್ಮ ತಮ್ಮ ನನ್ನ ಒಂದು ಮಾತು ಕೇಳಂಗಿಲ್ಲ."

"ಅವಾ ಯಾರ ಮಾತೂ ಕೇಳಿಲ್ಲ ಬೇ. ಕೇಳಿದ್ರ ಇಲ್ಲೇ ಇರ್ತಿದ್ದ, ಸಿಂಗಾಪುರಕ್ಕ ಯಾಕ ಹೋಗ್ತಿದ್ದ?"

ಮುತ್ಯಾನ ಇನ್ನೊಂದು ಅಭ್ಯಾಸವೇ ಈ ಅಧ್ಯಾಯದ ವಿಷಯ. ಬೆಳಿಗ್ಗೆ ದನಕ್ಕೆ ಮೇವು ಹಾಕಿ, ಮುಖ ತೊಳೆದು, ಮಾಳಿಗೆ ಹತ್ತಿ, ಮೂಡಣಕ್ಕೆ ಮುಖ ಮಾಡಿ ನೆಟ್ಟಗೆ ನಿಂತು ಅವನು ಒಂದು ಹಾಡು ಹಾಡುತ್ತಿದ್ದ. ಹಿಂದೂಸ್ತಾನಿ ಮಾತು. ಓಣಿಯವರು ಅದನ್ನು ಯಾವುದೋ ದರ್ಗಾದ ಪ್ರಾರ್ಥನೆ ಎಂದುಕೊಂಡಿದ್ದರು. ನಮ್ಮ ಕಡೆ ಉರುಸಿಗೆ ಹೋಗದವರು ಯಾರು? ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ತೊಟ್ಟಿಲಲ್ಲಿದ್ದಾಗಿನಿಂದ ಆ ಧಾಟಿ ಕೇಳಿದವಳು. ಹಾಗಾಗಿ ಶಾಲೆಗೆ ಹೆಸರು ಹಚ್ಚಿದ ದಿನ, ಸಾಲಿನಲ್ಲಿ ನಿಲ್ಲಿಸಿ ಎಲ್ಲರೂ ರಾಷ್ಟ್ರಗೀತೆ ಹಾಡಿದಾಗ ನನಗೆ ಸಿಟ್ಟೇ ಬಂತು. ಮನೆಗೆ ಓಡಿ ಬಂದು ದೂರು ಹೇಳಿದೆ.

"ಮುತ್ಯಾ, ಸಾಲ್ಯಾಗ ನಿನ್ನ ಹಾಡು ಕದ್ದಾರ! ಮಾತು ಬದಲಿ ಮಾಡ್ಯಾರ, ಧಾಟಿ ನಿಂದಾ ಅದ!"

ಅವನು ದನದ ಮೈ ತಿಕ್ಕುವುದನ್ನು ನಿಲ್ಲಿಸಿ ಬಹಳ ಹೊತ್ತು ನಕ್ಕ. ಆಮೇಲೆ ಕೂಡಿಸಿಕೊಂಡು ಹೇಳಿದ.

"ಕದ್ದಿಲ್ಲ ಬೇ ನೀಲಿ. ಇಬ್ಬರೂ ಒಂದಾ ಕಡೆಯಿಂದ ತಂದೀವಿ. ಬಂಗಾಲದ ಒಬ್ಬ ದೊಡ್ಡ ಕವಿ ಬರದಿದ್ದ ಹಾಡು ಅದು. ನಮ್ಮ ಫೌಜಿನಾಗ ಪಂಜಾಬಿ ಇದ್ದ, ತಮಿಳಾಂವ ಇದ್ದ, ಗೂರ್ಖಾ ಇದ್ದ, ಸಾಬರಿದ್ದರು, ಸಿಖ್ಖರಿದ್ದರು. ಎಲ್ಲರಿಗೂ ತಿಳಿಬೇಕಲ್ಲ? ಅದಕ್ಕ ನಮ್ಮ ನಾಯಕರು ಧಾಟಿ ಅದನ್ನ ಇಟಗೊಂಡು, ಮಾತು ಹಗುರು ಹಿಂದೂಸ್ತಾನ್ಯಾಗ ಬರಿಸಿದರು. ನೀವು ಇಲ್ಲಿ ಇದಕ್ಕ ಎದ್ದು ನಿಲ್ಲೂಕಿಂತ ಮೊದಲಾ ನಾವು ಅಲ್ಲಿ ಎದ್ದು ನಿಂತೀವಿ. ಕೆಲವರು ನಿಂತಾವ್ರು ಮತ್ತ ಕುಂದ್ರಲೇ ಇಲ್ಲ."

ಆ ಕೊನೆಯ ಮಾತು ನನಗೆ ಆಗ ತಿಳಿಯಲಿಲ್ಲ. ಬರ್ಮಾದ ಮಳೆಯಲ್ಲಿ, ಜ್ವರದವರನ್ನು ಬಿಟ್ಟು ಮುಂದೆ ನಡೆಯಬೇಕಾದಾಗ, ಬಿಟ್ಟುಹೋಗುವವರೂ ಉಳಿಯುವವರೂ ಕೂಡಿ ಇದನ್ನೇ ಹಾಡುತ್ತಿದ್ದರಂತೆ. ಅದನ್ನು ಆಯಿ ನನಗೆ ಬಹಳ ವರ್ಷದ ನಂತರ ಹೇಳಿದಳು. ಮಕ್ಕಳಿಗೆ ಇಂಥದ್ದನ್ನು ಮುಚ್ಚಿಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅರ್ಧ ತಿಳಿದ ಮಗು ಪೂರ್ತಿ ತಿಳಿದ ಮಗುವಿಗಿಂತ ಹೆಚ್ಚು ಹೆದರುತ್ತದೆ.

ಸುಗ್ಗಿಯ ಮುಂದೆ ಊರ ಹೊರಗಿನ ಬಯಲಿಗೆ ಮಾನ್ವಿಯಿಂದ ಮೌಲಾಸಾಬರ ಟೂರಿಂಗ್ ಟಾಕೀಸು ಬರುತ್ತಿತ್ತು. ಸಿರವಾರದಲ್ಲಿ ಒಂದಿಷ್ಟು ದಿನ, ಜಾಲಹಳ್ಳಿಯಲ್ಲಿ ಒಂದಿಷ್ಟು ದಿನ, ಮಿಕ್ಕಿದ್ದು ನಮ್ಮಲ್ಲಿ. ತೇಪೆ ಹಾಕಿದ ಡೇರೆ, ನೆಲಕ್ಕೆ ಮರಳು, ಹಿಂದೆ ನಾಲ್ಕು ಬೆಂಚು. ಹಿಂದೆ ಚೀನಾದ ಜೊತೆ ಯುದ್ಧವಾದಾಗಿನಿಂದ ಸಿನಿಮಾ ಮುಗಿದ ಮೇಲೆ ರಾಷ್ಟ್ರಗೀತೆಯ ರೀಲು ಹಾಕಬೇಕೆಂದು ಆಗಿತ್ತು. ಪರದೆಯ ಮೇಲೆ ಬಾವುಟ ಹಾರುತ್ತದೆ, ಬ್ಯಾಂಡಿನ ನಾದ ಬರುತ್ತದೆ, ಎಲ್ಲರೂ ಎದ್ದು ನಿಲ್ಲಬೇಕು. ಆದರೆ ನಮ್ಮ ಜನ ನಾಯಕ ನಾಯಕಿ ಕೂಡಿದರೋ ಇಲ್ಲವೋ, ಚಪ್ಪಲಿ ಹುಡುಕಿಕೊಂಡು ಬಂಡಿ ಹಿಡಿಯಲು ಓಡುತ್ತಿದ್ದರು. ಬಾವುಟ ಹಾರುವಾಗ ಡೇರೆಯಲ್ಲಿ ಉಳಿಯುತ್ತಿದ್ದವರು ಮೌಲಾಸಾಬರು, ಮಲಗಿಬಿಟ್ಟ ಮಕ್ಕಳು ಮತ್ತು ಸಣ್ಣ ಮುತ್ಯಾ. ಅವನದು ಎಲ್ಲರ ತಿರುಗುಮುರುಗು. ಸಿನಿಮಾ ಶುರುವಾದ ಕೂಡಲೇ ಟವೆಲ್ಲು ತಲೆಗಿಟ್ಟು ಮರಳಿನ ಮೇಲೆ ಮಲಗುತ್ತಿದ್ದ. ಎಷ್ಟೇ ಹೊಡೆದಾಟ ಬರಲಿ, ಏಳುವುದಿಲ್ಲ. ಕೊನೆಯ ಬ್ಯಾಂಡಿನ ಮೊದಲ ಸ್ವರಕ್ಕೆ ಸ್ಪ್ರಿಂಗಿನ ಹಾಗೆ ಎದ್ದು ನಿಂತು, ಎದೆ ಸೆಟೆಸಿ, ತನ್ನ ಸಿಂಗಾಪುರದ ಮಾತಿನಲ್ಲಿ ಜೋರಾಗಿ ಹಾಡುತ್ತಿದ್ದ. ಇಡೀ ದೇವದುರ್ಗದಲ್ಲಿ ಆ ಧಾಟಿ ವಾದ್ಯದಲ್ಲಿ ಕೇಳಿಸುವ ಜಾಗ ಅದೊಂದೇ. ಅದಕ್ಕಾಗಿಯೇ ಅವನು ಟಿಕೀಟು ತೆಗೆಸುತ್ತಿದ್ದ. ಮೌಲಾಸಾಬರಿಗೆ ಅವನ ಮೇಲೆ ಪ್ರೀತಿ. "ನನ್ನ ಡೇರೇದಾಗ ಕೊನೀತನಕ ನಿಲ್ಲೂ ಗಿರಾಕಿ ನೀ ಒಬ್ಬನಾ ನೋಡು ಅಮರಪ್ಪ," ಎನ್ನುತ್ತಿದ್ದರು.

ಯುದ್ಧ ಶುರುವಾದ ಮೇಲೆ ಎಲ್ಲವೂ ಬದಲಾಯಿತು. ಶರಣಬಸವ ತನ್ನ ಹುಡುಗರನ್ನು ಡೇರೆಯ ಬಾಗಿಲಲ್ಲಿ ನಿಲ್ಲಿಸಿದ, ರಾಷ್ಟ್ರಗೀತೆ ಮುಗಿಯುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ಈಗ ಡೇರೆ ತುಂಬ ಜನ ನಿಲ್ಲುತ್ತಾರೆ. ಡೇರೆ ತುಂಬ ಕಿವಿಗಳು. ಅದೇ ವಾರ ಅಪ್ಪ ರಾಯಚೂರಿನಿಂದ ಬಂದ. ಅವನು ಗಂಜಿನಲ್ಲಿ ಶೇಂಗಾ ತೂಕ ಮಾಡುವ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಬಂದವನೇ ಚಪ್ಪಲಿ ಬಿಡುವ ಮೊದಲೇ ಹೇಳಿದ ಸುದ್ದಿ, ಮಟಮಾರಿ ಸ್ಟೇಷನ್ನಿನಲ್ಲಿ ಗೂಢಚಾರನೊಬ್ಬನನ್ನು ಜನ ಹಿಡಿದು ಹಣ್ಣುಗಾಯಿ ನೀರುಗಾಯಿ ಮಾಡಿದರು, ಅವನ ಚೀಲದಲ್ಲಿ ಯಂತ್ರಗಳಿದ್ದವು, ಉರ್ದು ಮಾತಾಡುತ್ತಿದ್ದ. ಮುಂದಿನ ವಾರ ತಿಳಿಯಿತು, ಪಾಪ, ಅವನು ಗಡಿಯಾರ ರಿಪೇರಿ ಮಾಡುವವನಂತೆ. ಆದರೆ ಮುಂದಿನ ವಾರ ಬರುವ ಸತ್ಯದಿಂದ ಈ ವಾರದ ಹೊಡೆತ ತಪ್ಪುವುದಿಲ್ಲ. ಅವ್ವ ಆ ಮಾತು ಕೇಳಿ ಬಾಗಿಲು ಮುಂದೆ ಮಾಡಿದಳು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಮುತ್ಯಾನ ಕಡೆ ನೋಡಿದೆವು.

ಮರುದಿನ ಮೌಲಾಸಾಬರೇ ಮನೆಗೆ ಬಂದರು. ಪಡಸಾಲೆಯಲ್ಲಿ ಕುಳಿತು, ಆಯಿ ಕೊಟ್ಟ ಮಜ್ಜಿಗೆಯ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯದೆ ಕುಳಿತಿದ್ದರು.

"ಯವ್ವಾ, ಅಮರಪ್ಪ ನನ್ನ ತಮ್ಮ ಇದ್ದಂಗ. ಆದ್ರ ಅವನ ಹಾಡಿನ ಮಾತು ಈ ಹುಡುಗರ ಕಿವೀಗೆ ಬಿತ್ತಂದ್ರ ಖಲಾಸ್. ರಾಷ್ಟ್ರಗೀತಿಗೆ ಉರ್ದು ಹಾಡು ಹಾಡಿದ ಅಂತಾರ. ಎಲ್ಲಿ ಹಾಡಿದ? ಮೌಲಾಸಾಬನ ಡೇರೇದಾಗ. ನನ್ನ ಹೆಸರು ನೋಡ್ರಿ, ಡೇರೆ ಬಟ್ಟೀದು ಅದ ನೋಡ್ರಿ. ಒಂದು ಕಡ್ಡಿ ಸಾಕು."

ಅವ್ವ ಹೇಳಿದಳು, ಇನ್ನು ಮೇಲೆ ಮಾವ ಡೇರೆಗೆ ಹೋಗುವುದಿಲ್ಲ, ಮಾಳಿಗೆಯ ಮೇಲಿನ ಹಾಡೂ ಬಂದ್. ಮುತ್ಯಾ ಹೂಂ ಎಂದ. ಅಷ್ಟು ಸುಲಭಕ್ಕೆ ಒಪ್ಪಿದ್ದೇ ನಮಗೆ ಹೆದರಿಕೆ ಹುಟ್ಟಿಸಿತು. ಮಾಳಿಗೆ ಹತ್ತುವುದು ನಿಲ್ಲಿಸಿದ. ಹಾಗೆಯೇ ಅವನ ಎಡಗೈ ತಾಟಿನ ಸುತ್ತ ಕೋಟೆ ಕಟ್ಟುವುದೂ ನಿಂತಿತು. ಅನ್ನ ಹಾಗೇ ಆರಿ ಗಟ್ಟಿಯಾಗುತ್ತಿತ್ತು. ಹಟವಲ್ಲ, ನಾನು ಹತ್ತಿರ ಕುಳಿತು ನೋಡಿದ್ದೇನೆ, ತುತ್ತು ಬಾಯಿಯವರೆಗೆ ಹೋಗಿ ತಿರುಗಿ ಬರುತ್ತಿತ್ತು. ಯಾರೋ ಕಸಿದುಕೊಳ್ಳುತ್ತಾರೆ ಎಂದು ಜೀವಮಾನವಿಡೀ ಕಾದಿದ್ದವನಿಗೆ ನಿಜವಾಗಿಯೂ ಕಸಿದುಕೊಂಡ ಮೇಲೆ ಕಾಯಲು ಏನೂ ಉಳಿದಿರಲಿಲ್ಲ. ಅವ್ವ ಗಡಿಗೆ ತೊಳೆಯುವಾಗ ಅಳುತ್ತಿದ್ದಳು. ತವರಿನ ಅಕ್ಕಿ ದನದ ಮುಸುರೆ ಬಾನಿಗೆ ಬೀಳುವುದನ್ನು ಅವಳಿಗೂ ನೋಡಲಾಗುತ್ತಿರಲಿಲ್ಲ.

ಆಗ ಆಯಿ ಒಂದು ವ್ಯವಹಾರ ಕುದುರಿಸಿದಳು. ನಾನು ನೋಡಿದ ಮೊದಲ ವ್ಯವಹಾರ ಅದು. ಎರಡು ಕಡೆಯವರೂ ಬಿಡಲಾರದ್ದನ್ನು ಮೊದಲು ಬದಿಗಿಟ್ಟು, ಬಿಡಬಹುದಾದ ಸಣ್ಣದನ್ನು ಹುಡುಕಬೇಕು. ನಾನು ಇಂದಿಗೂ ಹಾಗೇ ಮಾಡುತ್ತೇನೆ.

"ಅವಂಗ ಬೇಕಾಗಿದ್ದು ಏನು? ಕೇಳೂದು. ನಿನಗ ಬೇಕಾಗಿದ್ದು ಏನು? ಅವಾ ಹಾಡಬಾರದು. ಹಂಗಾದ್ರ ಕಿವಿ ಹೋಗಲಿ, ಬಾಯಿ ಹೋಗೂದು ಬ್ಯಾಡ."

"ಬಾಯಿ ಮನ್ಯಾಗ ಬಿಟ್ಟು ಹೋಗಾಕ ಬರ್ತದೇನ್ರಿ ಅತ್ತಿ?"

"ಬಾಯಿ ತುಂಬಿದ್ರ ಆತು. ಎಲಿ ಅಡಿಕಿ ತುರುಕೂದು. ನೀಲಿ ಬಾಜೂಕ ಕುಂದರ್ತಾಳ. ಬ್ಯಾಂಡು ಶುರುವಾಗೂದಕ್ಕ ಬಾಯಾಗ ಇಡ್ತಾಳ."

ಪಡಸಾಲೆಯಲ್ಲಿ ತಾಲೀಮು ನಡೆಯಿತು. ಅವ್ವ ತಂಬಿಗೆ ಬಡಿದು ಬ್ಯಾಂಡಾದಳು, ಮುತ್ಯಾ ಎದ್ದು ನಿಂತ, ನಾನು ಸೊಂಟದ ಚೀಲದಿಂದ ಸುಣ್ಣ ಕಾಚು ಹಚ್ಚಿ ಮಡಿಸಿದ ದಪ್ಪನೆಯ ಎಲೆಯ ಪಟ್ಟಿಯನ್ನು ತೆಗೆದು, ತುದಿಗಾಲಲ್ಲಿ ನಿಂತು ಅವನ ಬಾಯಿಗೆ ತುರುಕಿದೆ. ಎಂದೂ ಎಲೆ ಹಾಕದವನು. ಗಲ್ಲ ಉಬ್ಬಿ, ಕಣ್ಣಲ್ಲಿ ನೀರು ಬಂತು. ಆಯಿ ಬಿದ್ದು ಬಿದ್ದು ನಕ್ಕಳು. ಬಹಳ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಆ ಸಂಜೆ ಮುತ್ಯಾ ಅನ್ನ ಉಂಡ.

ಡೇರೆಯಲ್ಲಿ ನನಗೆ ಸಿನಿಮಾ ಕಾಣಲಿಲ್ಲ. ಸೊಂಟದ ಚೀಲವನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮುತ್ಯಾ ಕೂಡ ಅಂದು ಮಲಗಲಿಲ್ಲ. ಕೊನೆಗೆ ಪರದೆ ಒಂದು ಗಳಿಗೆ ಕಪ್ಪಾಯಿತು, ಬ್ಯಾಂಡಿನ ಮೊದಲ ಸ್ವರ ಬಂತು. ಅವನು ಎದ್ದ. ನಾನು ತುರುಕಿದೆ. ತಾಲೀಮಿನ ಹಾಗೆಯೇ ಎಲ್ಲ ಸರಿಯಾಗಿ ನಡೆಯಿತು. ಅವನ ಗಂಟಲಿನಿಂದ ಒಂದು ಶಬ್ದ ಹೊರಗೆ ಬರಲಿಲ್ಲ. ಆದರೆ ಬಾಯಿಗೆ ತುಂಬಿದ ಎಲೆ ಸುಮ್ಮನೆ ಇರುತ್ತದೆಯೇ? ಉಸಿರು ಕಟ್ಟಬಾರದೆಂದು ಅವನು ಅಗಿದ. ನಮ್ಮ ಮನೆಯವರೆಲ್ಲ ಕೂಡಿ ಇಷ್ಟು ಲೆಕ್ಕಾಚಾರ ಮಾಡಿದೆವು, ಇದೊಂದು ಯಾರಿಗೂ ಹೊಳೆಯಲಿಲ್ಲ. ಬಾವುಟ ಹಾರುತ್ತಿರುವಾಗ, ಡೇರೆಯ ಜನವೆಲ್ಲ ಕಂಬದ ಹಾಗೆ ನಿಂತಿರುವಾಗ, ನನ್ನ ಮುತ್ಯಾ ಮೇಕೆಯ ಹಾಗೆ ದವಡೆ ಆಡಿಸುತ್ತ ನಿಂತಿದ್ದ. ಕೊನೆಯ ಸ್ವರ ಮುಗಿದದ್ದೇ ಶರಣಬಸವ ಬಂದು ಅವನ ರಟ್ಟೆ ಹಿಡಿದ.

"ರಾಷ್ಟ್ರಗೀತಿ ನಡದಾಗ ಎಲಿ ಅಗೀತೀಯೇನೋ? ಅಲ್ಲಿ ಗಡಿ ಮ್ಯಾಲ ಹುಡುಗರು ಸಾಯಾಕತ್ತಾರ, ನಿನಗ ಇಲ್ಲಿ ಬಾಯಿ ಚಪಲ?"

ಜನ ಸುತ್ತ ಕೂಡಿದರು. ಮುತ್ಯಾ ಉಗುಳುವಂತಿಲ್ಲ, ನುಂಗುವಂತಿಲ್ಲ, ಮಾತಾಡುವಂತಿಲ್ಲ. ಕಟಬಾಯಿಯಿಂದ ಕೆಂಪು ರಸ ಗಡ್ಡಕ್ಕೆ ಇಳಿಯುತ್ತಿತ್ತು. ಮೌಲಾಸಾಬರು ಎಲ್ಲಿಂದಲೋ ಓಡಿಬಂದು ಕೈ ಮುಗಿದರು. ಬೆಳಿಗ್ಗೆ ಠಾಣೆಗೆ ಕರೆತರಬೇಕು, ಫೌಜದಾರರ ಮುಂದೆ ಇತ್ಯರ್ಥ ಆಗಲಿ ಎಂದು ಹೇಳಿ ಶರಣಬಸವ ಬಿಟ್ಟ. ನಾವು ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಎದ್ದು ನಿಂತಳು, ಕೇಳಲಿಲ್ಲ, ಮುತ್ಯಾನ ಗಡ್ಡ ನೋಡಿಯೇ ಅವಳಿಗೆ ಎಲ್ಲ ತಿಳಿಯಿತು. ಗಡಿಯಾರ ರಿಪೇರಿಯವನ ಸುದ್ದಿ ನಮ್ಮ ಮನೆಯೊಳಗೆ ಬಂದು ಕುಳಿತಂತಾಗಿತ್ತು.

ಅಪ್ಪ ಆ ದಿನ ಊರಲ್ಲೇ ಇದ್ದ. ಬೆಳಿಗ್ಗೆ ಠಾಣೆಯ ದಾರಿಯುದ್ದಕ್ಕೂ ನಮಗೆ ಪಾಠ ಹೇಳಿಕೊಟ್ಟ. ಎಲೆಯಡಿಕೆಯ ಚಟ ಅಂತ ಒಪ್ಪಿಕೊಳ್ಳೋಣ, ಕಾಲು ಮುಟ್ಟೋಣ, ಹಾಡಿನ ಮಾತು ಎತ್ತುವುದೇ ಬೇಡ. ಸಣ್ಣ ತಪ್ಪು ಒಪ್ಪಿಕೊಂಡರೆ ದೊಡ್ಡದನ್ನು ಯಾರೂ ಹುಡುಕುವುದಿಲ್ಲ. ಒಳ್ಳೆಯ ಲೆಕ್ಕವೇ. ಆದರೆ ಲೆಕ್ಕ ಹಾಕುವವರು ಎದುರಿನವನ ಕಣ್ಣು ಎಲ್ಲಿದೆ ನೋಡಬೇಕು. ಠಾಣೆಯಲ್ಲಿ ಫೌಜದಾರರು ನಿದ್ದೆ ಸಾಲದ ಮುಖದಿಂದ ಚಹಾ ಕುಡಿಯುತ್ತಿದ್ದರು. ಬೆಳಗಾವಿ ಕಡೆಯವರು, ವಯಸ್ಸಾದವರು. ಅಪ್ಪ ಕಲಿಸಿದ್ದನ್ನು ಹೇಳಿದ.

"ಚಟ ಅದರಿ ಸಾಹೇಬ್ರ. ಬಿಡಾಕ ಆಗಂಗಿಲ್ಲರಿ. ತಪ್ಪಾತು."

"ಸುಳ್ಳರಿ!" ಎಂದ ಶರಣಬಸವ. "ಈ ಮನಷ್ಯಾ ಎಂದೂ ಎಲಿ ಹಾಕಿಲ್ಲ. ಊರಿಗೇ ಗೊತ್ತದ. ಹಲ್ಲು ನೋಡ್ರಿ, ಹಾಲಿನಂಗ ಅದಾವ. ಬೇಕಂತಾ ಅವಮಾನ ಮಾಡ್ಯಾನ."

ಫೌಜದಾರರು ಬಟ್ಟಲು ಕೆಳಗಿಟ್ಟರು.

"ಬಾಯಿ ತಗಿ."

ಮುತ್ಯಾ ಬಾಯಿ ತೆರೆದ. ಬಿಳಿಯ ಹಲ್ಲು. ನಿನ್ನೆಯ ಒಂದು ದಿನದ ಕೆಂಪು ಒಸಡಿನ ಮೇಲೆ ಮಾತ್ರ. ಫೌಜದಾರರ ಮುಖ ಬದಲಾದದ್ದು ನನಗೆ ಕಂಡಿತು. ಅಲ್ಲಿಯವರೆಗೆ ಅದೊಂದು ಬೇಸರದ ಕೆಲಸವಾಗಿತ್ತು, ಈಗ ಸಂಶಯ ಬಂತು. ಚಟವಿಲ್ಲದವನು ಸರಿಯಾಗಿ ರಾಷ್ಟ್ರಗೀತೆಗೇ ಯಾಕೆ ಎಲೆ ಹಾಕುತ್ತಾನೆ? ಅವ್ವ ಬಾಗಿಲ ಹೊರಗೆ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ನಾನು ಅಪ್ಪನ ಹಿಂದಿನಿಂದ ಮುಂದೆ ಬಂದೆ.

"ನಾ ಇಟ್ಟೀನ್ರಿ."

"ಯಾಕಿಟ್ಟಿ ಬೇ?"

"ಬಾಯಾಗಿಂದ ಹಾಡು ಹೊರಗ ಬರಬಾರದಂತ್ರಿ. ಮುತ್ಯಾನ ಮಾತು ಬ್ಯಾರೆ ಅದಾವ್ರಿ. ಸಿಂಗಾಪುರದ್ದು."

ಅಪ್ಪ ಕಣ್ಣು ಮುಚ್ಚಿಕೊಂಡ. ಫೌಜದಾರರು ಮುತ್ಯಾನನ್ನು ಮೇಲಿಂದ ಕೆಳಗೆ ನೋಡಿದರು. ಅವನು ಆರೋಪಿಯಾಗಿ ಬಂದಿದ್ದರೂ ಹಿಮ್ಮಡಿ ಕೂಡಿಸಿ ನಿಂತಿದ್ದ.

"ಹಾಡು. ಕೇಳೂಣು."

"ಇಲ್ಲೇನ್ರಿ?"

"ಇಲ್ಲೇ."

ಮುತ್ಯಾ ಗಂಟಲು ಸರಿಮಾಡಿಕೊಂಡ. ಸುಣ್ಣಕ್ಕೆ ಒಸಡು ಸುಟ್ಟಿದ್ದರಿಂದ ಮೊದಲ ಸಾಲು ತೊದಲಿತು. ಆಮೇಲೆ ಅವನ ಮಾಳಿಗೆಯ ದನಿ ಬಂತು. ಮಾತು ಯಾವುದಾದರೇನು, ಧಾಟಿ ಅದೇ. ಬಾಗಿಲಲ್ಲಿದ್ದ ಪೊಲೀಸ್ ಟಪ್ ಎಂದು ಕಾಲು ಬಡಿದು ಸೆಟೆದು ನಿಂತ. ಬೆಂಚಿನ ಮೇಲೆ ಕುಳಿತಿದ್ದ ಶರಣಬಸವ ನಿಂತ. ಫೌಜದಾರರ ಕುರ್ಚಿ ಕಿರ್ ಎಂದಿತು. ಟೊಪ್ಪಿಗೆ ತಲೆಯ ಮೇಲಿಟ್ಟುಕೊಂಡು ಅವರೂ ಎದ್ದರು. ಎದ್ದ ಮೇಲೆ ಮುಗಿಯುವವರೆಗೆ ಕುಳಿತುಕೊಳ್ಳುವಂತಿಲ್ಲ. ಮುತ್ಯಾ ಒಂದು ಸಾಲೂ ಬಿಡದೆ ಪೂರ್ತಿ ಹಾಡಿದ. ಹಾಡು ನಿಂತ ಮೇಲೆ ಚಹಾದ ಬಟ್ಟಲಿನ ಮೇಲೆ ಒಂದು ನೊಣ ಗುಂಯ್‌ಗುಟ್ಟುವುದು ಕೇಳಿಸುತ್ತಿತ್ತು.

"ಮಾತು ಬ್ಯಾರೆ ಅದಾವ್ರಿ ಸಾಹೇಬ್ರ," ಎಂದ ಶರಣಬಸವ, ಆದರೆ ದನಿ ಇಳಿದಿತ್ತು.

"ಅದಾವ. ಮತ್ತ ನೀ ಯಾಕ ಎದ್ದಿ?"

ಫೌಜದಾರರು ಮುತ್ಯಾನಿಂದ ಅರ್ಥ ಕೇಳಿದರು. "ದೇಶಕ್ಕ ಒಳ್ಳೇದಾಗ್ಲಿ ಅಂತ್ರಿ, ಮತ್ತೇನಿಲ್ಲ," ಎಂದ ಅವನು. ಯಾವ ಫೌಜು, ಎಲ್ಲಿ ಸೆರೆ, ಎಲ್ಲವನ್ನೂ ಕೇಳಿಕೊಂಡು ಅವರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಬಿಟ್ಟುಬಿಡುತ್ತಾರೆ ಎಂದು ಅವ್ವ ಒಳಗೆ ಒಂದು ಹೆಜ್ಜೆ ಇಟ್ಟಳು.

"ನನಗೇನೋ ತಿಳೀತು. ಶರಣಬಸವಗ ತಿಳೀತು. ಡೇರೇದಾಗ ಇದ್ದಾವ್ರಿಗೆ ಒಬ್ಬೊಬ್ಬರಿಗೆ ಹೆಂಗ ತಿಳಸ್ತಿ? ಕಲ್ಲು ಒಗ್ಯಾವ್ರು ಅರ್ಥ ಕೇಳಿ ಒಗ್ಯಂಗಿಲ್ಲ. ಯುದ್ಧ ಮುಗಿಯೂತನಕ ಬಾಯಿ ಬಂದ್ ಇಡು ಅಮರಪ್ಪ. ಕೇಳಾಕ ಹೋಗು, ಬ್ಯಾಡನ್ನಂಗಿಲ್ಲ. ಹಾಡಬ್ಯಾಡ."

ಹಾಗೆ ನಾವು ಹೋದ ಜಾಗಕ್ಕೇ ತಿರುಗಿ ಬಂದೆವು. ಕಿವಿ ಹೋಗಬಹುದು, ಬಾಯಿ ಹೋಗುವಂತಿಲ್ಲ. ಅವ್ವ ಮನೆಗೆ ಬಂದವಳೇ ಎಲೆಯ ಚೀಲವನ್ನು ಒಲೆಗೆ ಹಾಕಿದಳು. ಈ ಸಲ ಅವಳದೇ ಯೋಜನೆ. ಬೆಲ್ಲದ ಪೆಂಟಿಯಿಂದ ನಿಂಬೆಹಣ್ಣಿನಷ್ಟು ದೊಡ್ಡ ಹೆಂಟೆ ಒಡೆದು ನನ್ನ ಕೈಗೆ ಕೊಟ್ಟಳು.

"ಇದು ಅಗಿಯೂ ಪದಾರ್ಥ ಅಲ್ಲ. ನಾಲಿಗೀ ಮ್ಯಾಲ ಇಟ್ರ ತಾನಾ ಕರಗ್ತದ. ದವಡಿ ಆಡಂಗಿಲ್ಲ, ಮಾತು ಹೊಂಡಂಗಿಲ್ಲ. ತಿಳೀತಿಲ್ಲೋ ನೀಲಿ? ತಪ್ಪಿದ್ರ ನಿನ್ನ ಮುತ್ಯಾನ್ನ ನೀನಾ ಕಳಕೊಂಡಂಗ."

ಮುತ್ಯಾ ಅದಕ್ಕೂ ಹೂಂ ಎಂದ. ಈ ಬಾರಿ ಆಯಿಯೂ ಜೊತೆಗೆ ಬಂದಳು. ಅವಳು ಸಿನಿಮಾ ನೋಡಿದವಳಲ್ಲ. ಪರದೆಯ ಕಡೆ ಬೆನ್ನು ತಿರುಗಿಸಿ, ನನ್ನ ಮತ್ತು ತಮ್ಮನ ಮುಖ ನೋಡುತ್ತ ಕುಳಿತಳು. ಶರಣಬಸವ ಮುಂದೆ ಕಂಬದ ಬಳಿ ನಿಂತಿದ್ದ, ಅವನ ಹುಡುಗರು ಬಾಗಿಲಲ್ಲಿ. ಕೆಲವರು ನಮ್ಮನ್ನು ಗುರುತಿಸಿ ಪಿಸುಗುಟ್ಟಿದರು, ಎಲೆ ತಿಂದ ಮುದುಕ ಬಂದಾನ ಎಂದು. ಬೆಲ್ಲವನ್ನು ನಾನು ಚೀಲದಲ್ಲಿಡದೆ ಮುಷ್ಟಿಯಲ್ಲೇ ಹಿಡಿದಿದ್ದೆ, ಹೊತ್ತಿಗೆ ಸಿಗದೆ ಹೋದರೆ ಎಂಬ ಹೆದರಿಕೆಗೆ. ಪರದೆ ಕಪ್ಪಾಯಿತು. ಬ್ಯಾಂಡು ಶುರುವಾಯಿತು. ಮುತ್ಯಾ ಎದ್ದು ನಿಂತ, ಹಿಮ್ಮಡಿ 'ಟಪ್' ಎಂದಿತು, ಮತ್ತು ಒಪ್ಪಿಕೊಂಡ ಮಾತಿಗೆ ಸರಿಯಾಗಿ ನನ್ನ ಕಡೆ ಬಾಗಿ ಬಾಯಿ ತೆರೆದ.

ಹಸಿದ ಮಗು ತುತ್ತಿಗೆ ಬಾಯಿ ತೆರೆದ ಹಾಗೆ. ಕಣ್ಣು ಮಾತ್ರ ಬಾವುಟದ ಕಡೆ ಇತ್ತು. ಒಸಡಿನ ಸುಟ್ಟ ಗಾಯ ಆ ಬೆಳಕಿನಲ್ಲಿ ನನಗೆ ಕಂಡಿತು. ನಾನು ಕೈ ಎತ್ತಬೇಕಿತ್ತು. ಅವ್ವನ ಮಾತು ಕಿವಿಯಲ್ಲಿತ್ತು, ಫೌಜದಾರರ ಮಾತೂ ಇತ್ತು. ಕೈ ಎತ್ತಲಿಲ್ಲ. ಅವನು ಒಂದು ಗಳಿಗೆ ಕಾದ. ಬೆಲ್ಲ ಬರಲಿಲ್ಲ. ತೆರೆದ ಬಾಯಿ ಮುಚ್ಚುವುದು ಹೇಗೆಂದು ತಿಳಿಯದವನ ಹಾಗೆ ನಿಂತ, ಮತ್ತು ಆ ತೆರೆದ ಬಾಯಿಯಿಂದ ಹಾಡು ಬಂತು. ಮೊದಲು ಉಸಿರಿನಷ್ಟು, ಆಮೇಲೆ ದನಿಯಷ್ಟು. ಮುಂದಿದ್ದ ಇಬ್ಬರು ಹೊರಳಿ ನೋಡಿದರು. ಶರಣಬಸವನೂ ಹೊರಳಿದ. ಅವನು ನಮ್ಮನ್ನು ನೋಡಿ, ಆಯಿಯನ್ನು ನೋಡಿ, ಮೆಲ್ಲಗೆ ಪರದೆಯ ಕಡೆ ತಿರುಗಿದ. ತೋಳಿನ ಪಟ್ಟಿ ಸರಿಮಾಡಿಕೊಂಡು ತಾನೂ ಹಾಡತೊಡಗಿದ, ಬೇಕೆಂದೇ ಗಟ್ಟಿಯಾಗಿ, ಶಾಲೆಯ ಮಾತಿನಲ್ಲಿ. ಅದೇ ಹೊತ್ತಿಗೆ ಹಿಂದಿನಿಂದ ಮೌಲಾಸಾಬರು ಸ್ಪೀಕರಿನ ದನಿ ಪೂರ್ತಿ ಏರಿಸಿದರು. ಡೇರೆಯ ಬಟ್ಟೆ ಅದುರಿತು. ಆ ಗದ್ದಲದಲ್ಲಿ ಮುತ್ಯಾನ ಮಾತು ಅವನ ಸೊಂಟದ ಎತ್ತರಕ್ಕಿದ್ದ ನನಗೊಬ್ಬಳಿಗೇ ಕೇಳಿಸುತ್ತಿತ್ತು.

ಮುಗಿದ ಮೇಲೆ ಜನ ಚಪ್ಪಲಿ ಹುಡುಕುವಾಗ ಆಯಿ ನನ್ನ ಕೈ ಹಿಡಿದು ಮುಷ್ಟಿ ಬಿಡಿಸಿದಳು. ಬೆಲ್ಲ ಬೆವರಿಗೆ ಕರಗಿ ಬೆರಳ ಸಂದಿಯಿಂದ ಮೊಳಕೈವರೆಗೆ ಇಳಿದಿತ್ತು. ನಡುವೆ ಹುಣಸೆಬೀಜದಷ್ಟು ಒಂದು ಚೂರು ಉಳಿದಿತ್ತು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತೆ. ಅವಳು ಸೆರಗಿನ ತುದಿಯಿಂದ ಕೈ ಒರೆಸಿ, ಆ ಚೂರನ್ನು ಎತ್ತಿ ನನ್ನ ಬಾಯಲ್ಲಿಟ್ಟಳು.

"ಮನಿ ಮುಟ್ಟೂತನಕ ಕರಗಿಸ್ಕೋತ ಬಾ. ನಿಮ್ಮವ್ವ ಕೇಳಿದ್ರ ಬಾಯಿ ತಗೀಬ್ಯಾಡ."